ಯಂತ್ರದ ಹಾಡಿನ ಹಿಂದಿನ ಕೈಗಳು

‘ಯಂತ್ರದ ಸಂಗೀತಕ್ಕೆ ಜೀವವಿಲ್ಲ’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳುವವರು ಸಂಗೀತದ ಗಂಧಗಾಳಿ ಇಲ್ಲದವರೇನೂ ಅಲ್ಲ; ರಾಗ ತಾಳ ಬಲ್ಲವರು, ವರ್ಷಗಟ್ಟಲೆ ಪಾಠ ಹೇಳಿಸಿಕೊಂಡವರು. ತಮಾಷೆಯೆಂದರೆ ಅಂಥವರಲ್ಲಿ ಅನೇಕರ ಮನೆಯಲ್ಲಿ ಬೆಳಗಾಗುವುದೇ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯ ಝೇಂಕಾರದಿಂದ. ಬೆಂಗಳೂರಿನ ರಾಡೆಲ್ ಸಂಸ್ಥೆಯಂಥವರು ತಂಬೂರಿಯ ನಾದವನ್ನು ಒಂದು ಪುಟ್ಟ ಪೆಟ್ಟಿಗೆಗೆ ಇಳಿಸಿದ ಮೇಲೆ, ಬುರುಡೆ ಒಡೆದೀತೆಂಬ ಅಂಜಿಕೆಯಿಲ್ಲದೆ, ತಂತಿ ಬಿಗಿಯುವ ಗೋಜಿಲ್ಲದೆ ನಮ್ಮ ಹೆಣ್ಣುಮಕ್ಕಳು ಅದನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಕಛೇರಿಗೆ ಹೋಗಿ ಬಂದರು. ಅದು ಯಂತ್ರವೆಂದು ಯಾರಿಗೂ ನೆನಪಾಗಲಿಲ್ಲ. ಸ್ವರ ಶುದ್ಧವಾಗಿದ್ದು ಹಾಡುವವಳಿಗೆ ಆಸರೆಯಾದರೆ ಸಾಕು, ಅದರ ಹೊಟ್ಟೆಯಲ್ಲಿ ತಂತಿಯಿದೆಯೋ ಸರ್ಕ್ಯೂಟ್ ಇದೆಯೋ ಎಂದು ಕೇಳುವವರು ಯಾರು?

ನಾನು ಸಂಗೀತ ವಿದುಷಿಯಲ್ಲ, ಬರೀ ಕೇಳುವವಳು. ರಾತ್ರಿ ಅಡಿಗೆಮನೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಂದು ಇಡೀ ಆಲ್ಬಮನ್ನು ಮೊದಲಿನಿಂದ ಕೊನೆಯವರೆಗೆ ಕೇಳುವುದು ನನ್ನ ಅಭ್ಯಾಸ. ಆಲ್ಬಂ ಎಂದರೆ ಬಿಡಿ ಹಾಡುಗಳ ಮೂಟೆಯಲ್ಲ. ಒಂದರ ಹಿಂದೆ ಒಂದು ಬರಬೇಕೆಂದು ಯೋಚಿಸಿ ಜೋಡಿಸಿದ ಮುಕ್ಕಾಲು ಗಂಟೆಯ ಹರಿವು. ಪಾಶ್ಚಾತ್ಯ ರಾಕ್ ಮತ್ತು ವಿದ್ಯುನ್ಮಾನ ಸಂಗೀತದಲ್ಲಿ ನನಗೆ ಪ್ರಿಯವಾದ ಕೆಲವು ಆಲ್ಬಮ್‌ಗಳು ಹೇಗೆ ಹುಟ್ಟಿದವು ಎಂದು ತಿಳಿದುಕೊಳ್ಳುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಯಂತ್ರ ಹಾಡಿತು ಎಂದು ಜನ ಬೆರಗಾದ ಹಲವು ಕಡೆ ಒಬ್ಬ ಹೆಣ್ಣುಮಗಳ ಕೈ ಇತ್ತು, ಇಲ್ಲವೇ ಕಂಠವಿತ್ತು. ಎಷ್ಟೋ ಸಲ ಅವಳ ಹೆಸರು ಮಾತ್ರ ಇದ್ದಿರಲಿಲ್ಲ.

ಮೊದಲು ಡೀಲಿಯಾ ಡರ್ಬಿಶೈರ್ ಎಂಬಾಕೆಯ ವಿಷಯ ಹೇಳಬೇಕು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1937ರಲ್ಲಿ ಹುಟ್ಟಿದವಳು. ಮೂರು ವರ್ಷದವಳಿದ್ದಾಗ ಜರ್ಮನರ ಬಾಂಬುಗಳು ಆ ಊರನ್ನು ಸುಟ್ಟವು. ವಿಮಾನದಾಳಿಯ ಸೈರನ್ನಿನ ಏರಿಳಿತವೇ ತಾನು ಕೇಳಿದ ಮೊದಲ ವಿದ್ಯುನ್ಮಾನ ಸಂಗೀತ ಎಂಬರ್ಥದ ಮಾತನ್ನು ಆಕೆ ಮುಂದೆ ಹೇಳಿದ್ದುಂಟು. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಗಣಿತ, ಸಂಗೀತ ಎರಡನ್ನೂ ಓದಿ 1959ರಲ್ಲಿ ಡೆಕ್ಕಾ ಎಂಬ ಹೆಸರಾಂತ ರೆಕಾರ್ಡ್ ಕಂಪನಿಗೆ ಅರ್ಜಿ ಹಾಕಿದಾಗ ಬಂದ ಉತ್ತರ: ಧ್ವನಿಮುದ್ರಣ ಕೊಠಡಿಯಲ್ಲಿ ನಾವು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಮರುವರ್ಷ ಆಕೆ ಬಿಬಿಸಿ ಸೇರಿ, 1962ರಲ್ಲಿ ಅಲ್ಲಿನ ರೇಡಿಯೋಫೋನಿಕ್ ವರ್ಕ್‌ಶಾಪ್ ಎಂಬ ವಿಭಾಗಕ್ಕೆ ಬಂದಳು. ರೇಡಿಯೋ, ಟೆಲಿವಿಷನ್ ನಾಟಕಗಳಿಗೆ ವಿಚಿತ್ರ ಸದ್ದುಗಳನ್ನು ಒದಗಿಸುವ ಕಾರ್ಖಾನೆ ಅದು. 1958ರಲ್ಲಿ ಅದನ್ನು ಕಟ್ಟಿದವರಲ್ಲೂ ಒಬ್ಬ ಹೆಣ್ಣುಮಗಳಿದ್ದಳು, ಡ್ಯಾಫ್ನಿ ಓರಮ್. ಆಕೆ ಬೇಗನೆ ಕೆಲಸ ಬಿಟ್ಟು, ಫಿಲ್ಮಿನ ಪಟ್ಟಿಯ ಮೇಲೆ ಗೆರೆ ಎಳೆದರೆ ಆ ಗೆರೆಯೇ ಸ್ವರವಾಗುವಂಥ ಯಂತ್ರವೊಂದನ್ನು ಕೆಂಟ್ ಪ್ರಾಂತ್ಯದ ತನ್ನ ಮನೆಯಲ್ಲೇ ಕಟ್ಟತೊಡಗಿದಳು. ರಂಗೋಲಿಯ ಎಳೆ ಹಾಡುವುದಾದರೆ ಹೇಗಿದ್ದೀತು, ಹಾಗೆ!

1963ರಲ್ಲಿ ‘ಡಾಕ್ಟರ್ ಹೂ’ ಎಂಬ ಟೆಲಿವಿಷನ್ ಧಾರಾವಾಹಿಯ ಶೀರ್ಷಿಕೆ ಸಂಗೀತ ಡೀಲಿಯಾಳ ಕೈಗೆ ಬಂತು. ರಾನ್ ಗ್ರೇನರ್ ಎಂಬ ಸಂಯೋಜಕರು ಸ್ವರಲಿಪಿ ಬರೆದುಕೊಟ್ಟಿದ್ದರು. ಆಗ ಆಕೆಯ ಬಳಿ ಸಿಂಥಸೈಜರ್ ಇರಲಿಲ್ಲ. ಒಂದು ತಂತಿ ಮೀಟಿದ ಸದ್ದು, ಪ್ರಯೋಗಶಾಲೆಯ ಆಸಿಲೇಟರುಗಳ ‘ಕೂಂ’ಕಾರ, ಬರೀ ಗಾಳಿಯಂಥ ಸುಯ್ಯೆನ್ನುವ ಸದ್ದು ಇಷ್ಟನ್ನೇ ಟೇಪಿನಲ್ಲಿ ಹಿಡಿದುಕೊಂಡಳು. ಟೇಪಿನ ವೇಗ ಹೆಚ್ಚಿಸಿದರೆ ಸ್ವರ ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ. ಹೀಗೆ ಬೇಕಾದ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ತಯಾರಿಸಿ, ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಅಂಗುಲಕ್ಕೆ ಅಳೆದು, ಬ್ಲೇಡಿನಿಂದ ಕತ್ತರಿಸಿ, ಅಂಟುಪಟ್ಟಿಯಿಂದ ಒಂದಕ್ಕೊಂದು ಜೋಡಿಸಬೇಕು. ಮಲ್ಲಿಗೆ ಮೊಗ್ಗನ್ನು ಒಂದೊಂದಾಗಿ ಆರಿಸಿ ದಂಡೆ ಕಟ್ಟುವವರಿಗೆ ಈ ಕೆಲಸದ ಬಗೆ ಚೆನ್ನಾಗಿ ಗೊತ್ತು. ಬೆರಳು ಸ್ವಲ್ಪ ಸಡಿಲಾದರೂ ಮಾಲೆ ಕುಗ್ಗುತ್ತದೆ. ಮಂದ್ರದ ಸ್ವರಗಳಿಗೊಂದು, ರಾಗದ ಎಳೆಗೊಂದು ಎಂದು ಬೇರೆ ಬೇರೆ ಟೇಪಿನ ಮಾಲೆ. ಅವನ್ನೆಲ್ಲ ಬೇರೆ ಬೇರೆ ಯಂತ್ರಗಳಲ್ಲಿ ಒಟ್ಟಿಗೇ ಹೊರಡಿಸಬೇಕು. ಒಮ್ಮೆ ಎಲ್ಲೋ ಒಂದು ಸ್ವರ ತಪ್ಪಿದೆ ಎನ್ನಿಸಿದಾಗ ಡೀಲಿಯಾ ಮತ್ತು ಅವಳ ಸಹಾಯಕ ಡಿಕ್ ಮಿಲ್ಸ್ ಸೇರಿ ಟೇಪುಗಳನ್ನು ಉದ್ದನೆಯ ಕಾರಿಡಾರಿನಲ್ಲಿ ಪಕ್ಕಪಕ್ಕದಲ್ಲಿ ಹಾಸಿ, ಯಾವ ಬೆಸುಗೆ ಹಿಂದೆ ಮುಂದಾಗಿದೆಯೆಂದು ಕಣ್ಣಿನಿಂದಲೇ ಹುಡುಕಿದರಂತೆ.

ಕೊನೆಗೆ ಕೇಳಿಸಿದಾಗ, ಇದನ್ನು ನಾನೇ ಬರೆದೆನೆ ಎಂದು ಗ್ರೇನರ್ ಬೆರಗಾದರು. ಸಂಯೋಜಕಿಯೆಂದು ಆಕೆಯ ಹೆಸರೂ ತನ್ನ ಜೊತೆ ಬರಲಿ ಎಂದು ಅವರೇ ಕೇಳಿದರು. ಬಿಬಿಸಿಯ ನಿಯಮ ಅದಕ್ಕೆ ಒಪ್ಪಲಿಲ್ಲ. ವಿಭಾಗದ ಹೆಸರು ಸಾಕು, ನೌಕರರ ಹೆಸರೇಕೆ? ತೆರೆಯ ಮೇಲೆ ಆ ಸಂಗೀತದ ಜೊತೆ ಡೀಲಿಯಾಳ ಹೆಸರು ಮೊದಲ ಸಲ ಬಂದದ್ದು 2013ರ ಸುವರ್ಣ ಮಹೋತ್ಸವದ ಕಂತಿನಲ್ಲಿ. ಆಕೆ ತೀರಿಕೊಂಡು ಆಗಲೇ 12 ವರ್ಷವಾಗಿತ್ತು.

ಆಕೆಯ ಕೆಲಸವನ್ನು ಕೇಳಬೇಕೆನ್ನುವವರಿಗೆ ನಾನು ಹೇಳುವುದು 1968ರ ‘ಬಿಬಿಸಿ ರೇಡಿಯೋಫೋನಿಕ್ ಮ್ಯೂಸಿಕ್’ ಎಂಬ ಆಲ್ಬಂ. ಮೂವರ ರಚನೆಗಳಿರುವ ಇದರಲ್ಲಿ ಮಿಕ್ಕಿಬ್ಬರ ಎಷ್ಟೋ ತುಣುಕುಗಳು ಜಾಹೀರಾತಿನ ಸದ್ದಿನಂತೆ ಬಂದು ಹೋಗುತ್ತವೆ, ನಿಜ. ಆದರೆ ಸಹಾರಾ ಮರುಭೂಮಿಯ ಒಂಟೆಸವಾರರ ಚಿತ್ರವೊಂದಕ್ಕೆ ಡೀಲಿಯಾ ಮಾಡಿದ ‘ಬ್ಲೂ ವೇಲ್ಸ್ ಅಂಡ್ ಗೋಲ್ಡನ್ ಸ್ಯಾಂಡ್ಸ್’ ಕೇಳಿ. ಕಾದ ಮರಳಿನ ಮೇಲೆ ಗಾಳಿ ನಡುಗುವಂಥ ಆ ನಾದ ಎಲ್ಲಿಂದ ಬಂತು ಗೊತ್ತೆ? ಒಂದು ಹಸಿರು ಬಣ್ಣದ ಲೋಹದ ದೀಪದ ಬುರುಡೆಯಿಂದ! ಅದನ್ನು ತಟ್ಟಿ, ತಟ್ಟಿದ ಪೆಟ್ಟಿನ ಭಾಗವನ್ನು ಕತ್ತರಿಸಿ ಎಸೆದು, ಉಳಿದ ಅನುರಣನವನ್ನು ಬಿಡಿಸಿ ನೋಡಿ ಮತ್ತೆ ಕಟ್ಟಿದ್ದು. ಒಂಟೆಯ ಹೆಜ್ಜೆಸದ್ದು ಆಕೆಯದೇ ದನಿಯ ಚೂರುಗಳು. ಹಿತ್ತಾಳೆ ಕೊಳಗ ಕೈತಪ್ಪಿ ಬಿದ್ದಾಗ ಅದರ ನಾದ ಅಡಗುವವರೆಗೆ ಒಂದು ಗಳಿಗೆ ಕಿವಿಗೊಟ್ಟು ನಿಂತವರಿಗೆ ಈ ರಚನೆ ಹೊರಗಿನದೆನ್ನಿಸುವುದಿಲ್ಲ.

1969ರಲ್ಲಿ ಆಕೆ, ಡೇವಿಡ್ ವೋರ್‌ಹೌಸ್, ಬ್ರಯಾನ್ ಹಾಜ್ಸನ್ ಮೂವರೂ ‘ವೈಟ್ ನಾಯ್ಸ್’ ಎಂಬ ಹೆಸರಿನಲ್ಲಿ ‘ಆನ್ ಎಲೆಕ್ಟ್ರಿಕ್ ಸ್ಟಾರ್ಮ್’ ಎಂಬ ಆಲ್ಬಂ ತಂದರು. ರಾಕ್ ಹಾಡೂ ಟೇಪಿನ ಕಸೂತಿಯೂ ಸೇರಿದ ಈ ಆಲ್ಬಮಿನ ಮೊದಲ ಬದಿ ನನಗೆ ಬಲು ಇಷ್ಟ. ಎರಡನೆಯ ಬದಿಯಲ್ಲಿ ಅಪಘಾತದಲ್ಲಿ ಸತ್ತವನೊಬ್ಬನ ಪ್ರೇಯಸಿಯ ಅಳುವಿದೆ. ಒಬ್ಬರೇ ಇರುವಾಗ ಕೇಳಬೇಡಿ. ಕಡೆಯ ರಚನೆ ಬರೀ ಅಬ್ಬರ. ಕಂಪನಿಯವರು ಅವಸರಪಡಿಸಿದ್ದರಿಂದ ಅದನ್ನು ತರಾತುರಿಯಲ್ಲಿ ಮುಗಿಸಿದರಂತೆ, ಕೇಳಿದರೆ ಗೊತ್ತಾಗುತ್ತದೆ.

ಡೀಲಿಯಾ 1973ರಲ್ಲಿ ಬಿಬಿಸಿ ಬಿಟ್ಟಳು. ಆಮೇಲೆ ಗ್ಯಾಸ್ ಕೊಳವೆ ಹಾಕುವ ಕಡೆ ರೇಡಿಯೋ ಆಪರೇಟರ್ ಆಗಿ, ಚಿತ್ರಶಾಲೆಯಲ್ಲಿ, ಪುಸ್ತಕದಂಗಡಿಯಲ್ಲಿ ಕೆಲಸ ಮಾಡಿದಳು. 2001ರಲ್ಲಿ ಆಕೆ ತೀರಿಕೊಂಡ ಮೇಲೆ ಅವಳ ಮನೆಯ ಅಟ್ಟದಲ್ಲಿ 267 ಟೇಪುಗಳು ಸಿಕ್ಕವು. ಈಗ ಅವು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಶ್ರಯದಲ್ಲಿವೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ನಮ್ಮ ಅಜ್ಜಿಯರು ಏನೇನು ಬಿಟ್ಟು ಹೋಗಿದ್ದಾರೋ, ತೆಗೆದು ನೋಡಿದವರೆಷ್ಟು ಮಂದಿ?

ಡೀಲಿಯಾ ಟೇಪು ಕತ್ತರಿಸುತ್ತಿದ್ದ ಕಾಲದಲ್ಲೇ ಅಮೆರಿಕದಲ್ಲಿ ರಾಬರ್ಟ್ ಮೋಗ್ ಎಂಬ ಎಂಜಿನಿಯರ್ ಸಿಂಥಸೈಜರ್ ತಯಾರಿಸಿದರು. ಅದು ವಿಚಿತ್ರ ಸದ್ದಿನ ಆಟಿಕೆಯಲ್ಲ, ವಾದ್ಯ ಎಂದು ಲೋಕಕ್ಕೆ ತೋರಿಸಿದ್ದು ವೆಂಡಿ ಕಾರ್ಲೋಸ್. 1968ರ ‘ಸ್ವಿಚ್ಡ್ ಆನ್ ಬಾಖ್’ ಆಲ್ಬಮಿನಲ್ಲಿ ಹದಿನೆಂಟನೆಯ ಶತಮಾನದ ಬಾಖ್‌ನ ಕೃತಿಗಳನ್ನು ಆಕೆ ಆ ಯಂತ್ರದಲ್ಲಿ ನುಡಿಸಿದಳು. ಆಗಿನ ಮೋಗ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು. ನಾಲ್ಕು ಸ್ವರ ಒಟ್ಟಿಗೆ ಬೇಕೆಂದರೆ ನಾಲ್ಕು ಸಲ ಬೇರೆಬೇರೆಯಾಗಿ ನುಡಿಸಿ ಒಂದರ ಮೇಲೊಂದು ಕೂಡಿಸಬೇಕು. ಅದರ ಮೇಲೆ ಶ್ರುತಿಯೂ ಮಾತುಮಾತಿಗೆ ಜಾರುತ್ತಿತ್ತು. ಇಷ್ಟೆಲ್ಲ ತಾಳ್ಮೆಯ ಫಲಕ್ಕೆ 1970ರಲ್ಲಿ ಮೂರು ಗ್ರ್ಯಾಮಿ ಪ್ರಶಸ್ತಿ ಬಂತು. ಹತ್ತು ಲಕ್ಷಕ್ಕೂ ಮೀರಿ ಪ್ರತಿಗಳು ಮಾರಾಟವಾದವು. ನನ್ನ ಮಟ್ಟಿಗೆ ಅದರಲ್ಲಿನ ಚುರುಕು ನಡೆಯ ಭಾಗಗಳು ಅಭ್ರಕದ ಹಾಗೆ ಹೊಳೆಯುತ್ತವೆ, ವಿಳಂಬದ ಭಾಗಗಳು ಸ್ವಲ್ಪ ಬಡಕಲು. ಪಿಟೀಲಿನ ಕಮಾನು ಎಳೆಯುವಾಗಿನ ತುಂಬುತನ ಆ ಯಂತ್ರಕ್ಕೆ ಅಂದು ಒಲಿದಿರಲಿಲ್ಲ.

ಇನ್ನು ರಾಕ್ ಸಂಗೀತಕ್ಕೆ ಬರೋಣ. 1973ರ ಮಾರ್ಚಿನಲ್ಲಿ ಬಂದ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಹೆಸರನ್ನು ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರು ಕೇಳಿಯೇ ಇರುತ್ತೀರಿ. ಹೆಸರಲ್ಲದಿದ್ದರೆ ಅಂಗಿಯ ಮೇಲಿನ ತ್ರಿಕೋನ ಗಾಜಿನ ಚಿತ್ರವನ್ನಾದರೂ ನೋಡಿರುತ್ತೀರಿ. ಕಾಲ, ಹಣ, ಸಾವು, ಬುದ್ಧಿಭ್ರಮಣೆ ಇವುಗಳ ಮೇಲಿನ ಹಾಡುಗಳು, ನಡುವೆ ಬಿಡುವಿಲ್ಲದೆ ಒಂದರೊಳಗೊಂದು ಹರಿಯುತ್ತವೆ. ‘ಮನಿ’ ಎಂಬ ಹಾಡು ನಾಣ್ಯಗಳ ಸದ್ದಿನಿಂದ ಶುರುವಾಗುತ್ತದೆ. ರಾಜರ್ ವಾಟರ್ಸ್ ಅವರ ಆಗಿನ ಪತ್ನಿ ಕುಂಬಾರಿಕೆಯ ಕಲಾವಿದೆ. ಆಕೆ ಜೇಡಿಮಣ್ಣು ಕಲಸುತ್ತಿದ್ದ ದೊಡ್ಡ ಬೋಗುಣಿಗೆ ನಾಣ್ಯ ಎಸೆದು ಆ ಸದ್ದನ್ನು ಹಿಡಿದದ್ದು. ನಾಣ್ಯ, ಹರಿಯುವ ಕಾಗದ, ಗಲ್ಲಾಪೆಟ್ಟಿಗೆ ಈ ಸದ್ದುಗಳನ್ನು ಟೇಪಿನಲ್ಲಿ ಅಳೆದು ಕತ್ತರಿಸಿ ಬಳೆಯಂತೆ ಸುತ್ತು ಮಾಡಿ, ಅದೇ ಸುತ್ತನ್ನು ತಾಳವಾಗಿಸಿದರು. ಎಂಥ ಜಾಣತನ! ಆದರೂ ಆ ಹಾಡು ನನಗೆ ಅಷ್ಟಾಗಿ ರುಚಿಸುವುದಿಲ್ಲ. ಹಣವನ್ನು ಹಂಗಿಸುವವರು ಹಣವಿದ್ದವರೇ ಎನ್ನಿಸುತ್ತದೆ.

ನನ್ನನ್ನು ಆ ಆಲ್ಬಮಿಗೆ ಕಟ್ಟಿಹಾಕಿದ್ದು ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’. ರಿಚರ್ಡ್ ರೈಟ್ ಅವರ ಪಿಯಾನೋ ಮೇಲೆ ಒಬ್ಬ ಹೆಣ್ಣು ಒಂದೇ ಒಂದು ಪದವಿಲ್ಲದೆ ಹಾಡುತ್ತಾಳೆ. ಮೊದಲು ಎದೆ ಬಿರಿಯುವ ಕೂಗು, ಬರಬರುತ್ತ ಸೋತ ಪಿಸುಮಾತು. ಸಾವನ್ನು ಕುರಿತ ಸಂಗೀತವಿದು. ಸಾಹಿತ್ಯವಿಲ್ಲದೆ ದನಿಯೊಂದರಿಂದಲೇ ಎಲ್ಲವನ್ನೂ ಹೇಳುವ ಆಲಾಪನೆ ಕೇಳಿ ಬೆಳೆದ ನಮಗೆ ಇದರ ಬಾಗಿಲು ಬೇಗ ತೆರೆಯುತ್ತದೆ. ಹಾಡಿದವಳು 25 ವರ್ಷದ ಕ್ಲೇರ್ ಟೋರಿ. 1973ರ ಜನವರಿಯ ಒಂದು ಭಾನುವಾರ ಸಂಜೆ ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಕರೆಸಿದರು. ಏನು ಹಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಪದ ಮಾತ್ರ ಬೇಡ ಎಂದರು. ತನ್ನನ್ನೇ ಒಂದು ವಾದ್ಯವೆಂದುಕೊಂಡು ಆಕೆ ಮೂರು ಸಲಕ್ಕಿಂತ ಹೆಚ್ಚಿಲ್ಲದಂತೆ ಹಾಡಿ ಮನೆಗೆ ಹೋದಳು. ಬಂದ ಸಂಭಾವನೆ 30 ಪೌಂಡು. ಅದನ್ನು ಬಳಸಿಕೊಂಡಿದ್ದಾರೆಂದು ಆಕೆಗೆ ತಿಳಿದದ್ದು ಆಲ್ಬಂ ಹೊರಬಂದು, ಅಂಗಡಿಯಲ್ಲಿ ಅದರ ಹೊದಿಕೆಯ ಮೇಲೆ ತನ್ನ ಹೆಸರು ಕಂಡಾಗ.

ಗಾಯಕಿಯೆಂದು ಹೆಸರೇನೋ ಇತ್ತು. ಆದರೆ ಆ ಸ್ವರಗಳನ್ನು ಹುಟ್ಟಿಸಿದವಳೂ ಅವಳೇ ಅಲ್ಲವೆ? ಆಲ್ಬಂ ನಾಲ್ಕು ಕೋಟಿಗೂ ಮೀರಿ ಮಾರಾಟವಾಯಿತೆಂದು ಅಂದಾಜು. 2004ರಲ್ಲಿ ಕ್ಲೇರ್ ಟೋರಿ ನ್ಯಾಯಾಲಯಕ್ಕೆ ಹೋದಳು, 2005ರಲ್ಲಿ ರಾಜಿಯಾಯಿತು. ಅಲ್ಲಿಂದ ಮುಂದೆ ಅಚ್ಚಾದ ಪ್ರತಿಗಳಲ್ಲಿ ಸಂಯೋಜಕರ ಸ್ಥಾನದಲ್ಲಿ ರೈಟ್ ಜೊತೆ ಟೋರಿಯ ಹೆಸರೂ ಇದೆ. ಮೂವತ್ತು ವರ್ಷ ಸುಮ್ಮನಿದ್ದು ಈಗೇಕೆ ಎಂದು ಕೇಳಿದವರೂ ಇದ್ದರು. ಹೆಂಗಸರು ತಮ್ಮ ಪಾಲು ಕೇಳಲು ಹೊರಟಾಗ ಈ ಪ್ರಶ್ನೆ ಎಲ್ಲ ದೇಶದಲ್ಲೂ ಒಂದೇ.

ಗಂಡಸರೇ ಮಾಡಿದ್ದರಲ್ಲಿ ಇಷ್ಟವಾದದ್ದಿಲ್ಲವೆ ಎಂದು ಕೇಳಿದರೆ, ಇದೆ. ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ಕ್ರಾಫ್ಟ್‌ವರ್ಕ್ ತಂಡದ ‘ಔಟೋಬಾನ್’ 1974ರದು. ಹೆದ್ದಾರಿ ಪ್ರಯಾಣವನ್ನೇ ಹಾಡಾಗಿಸಿದ್ದಾರೆ, ಅದೂ 22 ನಿಮಿಷಕ್ಕೂ ಮೀರಿ. ಕಾರಿನ ಬಾಗಿಲು ಮುಚ್ಚುವ ಸದ್ದಿನಿಂದ ಹೊರಟು, ನಡುವೆ ಕೊಳಲಿನ ಮೆಲುದನಿ ತೇಲಿಸಿ, ಒಂದೇ ಲಯದಲ್ಲಿ ಸಾಗುತ್ತಾರೆ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಮರಗಳು ಹಿಂದೆ ಸರಿಯುವುದನ್ನು ನೋಡುವ ಸುಖ ಅದರಲ್ಲಿದೆ. ತಾವು ‘ಸಂಗೀತ ಕಾರ್ಮಿಕರು’ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಆ ಮಾತು ನನಗೆ ಮೆಚ್ಚುಗೆ. ಆಲ್ಬಮಿನ ಎರಡನೆಯ ಬದಿ ಮಾತ್ರ ಊರು ಬಂದರೂ ಇಳಿಯದೆ ಕೂತ ಪ್ರಯಾಣಿಕನಂತೆ.

ಯಂತ್ರವೂ ಹೆಣ್ಣುದನಿಯೂ ಎದುರುಬದುರು ನಿಂತದ್ದನ್ನು ಕೇಳಬೇಕಾದರೆ 1977ರ ‘ಐ ಫೀಲ್ ಲವ್’ ಕೇಳಬೇಕು. ‘ಐ ರಿಮೆಂಬರ್ ಯೆಸ್ಟರ್‌ಡೇ’ ಆಲ್ಬಮಿನ ಕೊನೆಯ ಹಾಡು. ಹಿಂದಿನ ಹಾಡುಗಳಲ್ಲಿ ಹಲವು ಕಳೆದುಹೋದ ಕಾಲದ ಶೈಲಿಗಳಲ್ಲಿದ್ದು, ಇದೊಂದು ಬರಲಿರುವ ಕಾಲದ ಹಾಡಾಗಲಿ ಎಂದು ಜಾರ್ಜಿಯೋ ಮೊರೊಡರ್, ಪೀಟ್ ಬೆಲೊಟ್ ಇಬ್ಬರೂ ಮ್ಯೂನಿಕ್‌ನಲ್ಲಿ ಮೋಗ್ ಯಂತ್ರದಿಂದ ಕಟ್ಟಿದರು. ಯಂತ್ರದ ಶ್ರುತಿ ಜಾರುತ್ತಿದ್ದುದರಿಂದ ಅರ್ಧ ನಿಮಿಷದಷ್ಟೂ ನಿಲ್ಲದ ತುಣುಕುಗಳಲ್ಲಿ ಮುದ್ರಿಸಿ ಮತ್ತೆ ಮತ್ತೆ ಶ್ರುತಿ ಕೂಡಿಸಬೇಕಾಗುತ್ತಿತ್ತು. ತಂಬೂರಿ ಹಿಡಿದವರಿಗೆ ಈ ಕಷ್ಟ ಹೇಳಬೇಕಾಗಿಲ್ಲ! ಬಾಸ್ಟನ್ನಿನ ಚರ್ಚಿನಲ್ಲಿ ಹಾಡಿ ಬೆಳೆದ ಡಾನಾ ಸಮ್ಮರ್ ಅದರ ಮೇಲೆ ಬಲ ತೋರಿಸದೆ, ಉಸಿರಿನಷ್ಟು ಹಗುರವಾಗಿ ಹಾಡಿದಳು. ಯಂತ್ರ ಎಷ್ಟು ಕಟ್ಟುನಿಟ್ಟೋ ಆಕೆ ಅಷ್ಟು ಸಡಿಲ. ಯಂತ್ರದ ಸಂಗೀತಕ್ಕೆ ಜೀವವಿಲ್ಲ ಎನ್ನುವವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ.

ಹೀಗೆ ಇನ್ನೊಬ್ಬರ ಸ್ಟುಡಿಯೋಗೆ ಹೋಗಿ ಹಾಡಿ ಬರುವ ಬದಲು ತನ್ನದೇ ಸ್ಟುಡಿಯೋ ಕಟ್ಟಿಕೊಂಡವಳು ಕೇಟ್ ಬುಷ್. 1978ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಾನೇ ಬರೆದ ಹಾಡಿನಿಂದ ಬ್ರಿಟನ್ನಿನ ಜನಪ್ರಿಯ ಪಟ್ಟಿಯ ತುದಿಗೇರಿದ ಮೊದಲ ಹೆಣ್ಣು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಏರುವ ಸ್ಟುಡಿಯೋಗಳಲ್ಲಿ ನಿಧಾನವಾಗಿ ಯೋಚಿಸುವುದೇ ದುಬಾರಿ. ಅದಕ್ಕೇ ತವರುಮನೆಯ ಹಳೆಯ ಕಣಜದ ಕಟ್ಟಡವನ್ನೇ ಸ್ಟುಡಿಯೋ ಮಾಡಿಕೊಂಡು, ಫೇರ್‌ಲೈಟ್ ಎಂಬ ಆಸ್ಟ್ರೇಲಿಯದ ಕಂಪ್ಯೂಟರ್ ವಾದ್ಯವನ್ನು ತಂದಿಟ್ಟು, 1985ರಲ್ಲಿ ‘ಹೌಂಡ್ಸ್ ಆಫ್ ಲವ್’ ಹೊರತಂದಳು. ಬರೆದವಳು, ಹಾಡಿದವಳು, ನಿರ್ಮಾಪಕಿ ಎಲ್ಲ ಅವಳೇ. ಅದರ ಎರಡನೆಯ ಬದಿ ಒಂದೇ ಕಥೆ: ರಾತ್ರಿ ಸಮುದ್ರದಲ್ಲಿ ಒಬ್ಬಂಟಿಯಾಗಿ ತೇಲುತ್ತಿರುವ ಹೆಂಗಸು, ನಿದ್ದೆ ಹೋದರೆ ಮುಳುಗುವ ಭಯ, ಮನೆಯವರ ನೆನಪು, ಕೊನೆಗೆ ಬೆಳಗು. ಇಂದಿಗೂ ನನ್ನನ್ನು ಯಾರಾದರೂ ಒಂದೇ ಆಲ್ಬಂ ಹೇಳು ಎಂದರೆ ನಾನು ಹೇಳುವುದು ಇದರ ಹೆಸರನ್ನು. ಇದರ ಮೊದಲ ಹಾಡು ‘ರನ್ನಿಂಗ್ ಅಪ್ ದಟ್ ಹಿಲ್’ 1985ರಲ್ಲಿ ಬ್ರಿಟನ್ನಿನಲ್ಲಿ ಮೂರನೆಯ ಸ್ಥಾನದಲ್ಲಿತ್ತು. ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ಬಂದ ಮೇಲೆ 2022ರಲ್ಲಿ, 37 ವರ್ಷದ ನಂತರ, ಮೊದಲ ಸ್ಥಾನಕ್ಕೆ ಬಂತು. ಹಾಡು ತನ್ನದೆಂದು ಆಕೆ ಯಾರ ಬಾಗಿಲನ್ನೂ ತಟ್ಟಬೇಕಾಗಲಿಲ್ಲ.

ನಮ್ಮ ದೇಶಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಪಖವಾಜ್ ನುಡಿಸುತ್ತಿದ್ದ ಗೀತಾ ಸಾರಾಭಾಯ್ 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಎಂಬ ಸಂಯೋಜಕರಿಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಅವರಿಂದ ಪಾಶ್ಚಾತ್ಯ ಸಂಗೀತ ಕಲಿತವರು. ಕೇಜ್ ಅವರ ಒಡನಾಡಿ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಯಂತ್ರ ಸ್ಥಾಪಿಸಿದಾಗ, ಅದರಲ್ಲಿ ಪ್ರಯೋಗ ಮಾಡಿದವರ ಪೈಕಿ ಗೀತಾ ಅವರೂ ಒಬ್ಬರು. ಆ ಟೇಪುಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲೇ ಮಲಗಿದ್ದು, ಆಲ್ಬಂ ಆಗಿ ಹೊರಬಂದದ್ದು 2023ರಲ್ಲಿ.

ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರ ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಕೂಡ ಹೀಗೆಯೇ ಮರೆತುಹೋಗಿತ್ತು. ಸಿಂಗಾಪುರದಲ್ಲಿ ಕೊಂಡ ರೋಲ್ಯಾಂಡ್ ಯಂತ್ರಗಳಲ್ಲಿ 1982ರಲ್ಲಿ ಮುದ್ರಿಸಿದ ಹತ್ತು ರಾಗಗಳು. ಆಗ ಕೊಳ್ಳುವವರಿರಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ, ಷಿಕಾಗೋದಲ್ಲಿ 1987ರ ಹೊತ್ತಿಗೆ ಹುಟ್ಟಿತೆನ್ನುವ ‘ಆಸಿಡ್ ಹೌಸ್’ ನೃತ್ಯಸಂಗೀತದ ಸದ್ದು ಇಲ್ಲಿ ಐದು ವರ್ಷ ಮುಂಚೆಯೇ ಇದೆಯಲ್ಲ ಎಂದು ಲೋಕ ಬೆರಗಾಯಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಲ್ಲ ಆ ಯಂತ್ರ, ಮೀಂಡಿಗೆ ಹೇಳಿ ಮಾಡಿಸಿದ ಹಾಗಿದೆ. ಮಾಲ್‌ಕೌನ್ಸ್ ಎಂದರೆ ನಮ್ಮ ಹಿಂದೋಳ. ಕಲಾವತಿ ಎಂದರೆ ನಮ್ಮ ವಲಜಿ. ಇವೆರಡನ್ನೂ ಕೇಳಿ ನೋಡಿ. ಲಲಿತ್ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಮುಂಜಾವದ ಆ ರಾಗಕ್ಕೆ ಅಷ್ಟು ಅವಸರ ಸಲ್ಲದು.

ನಮ್ಮ ಬೀಸುವ ಪದ, ಕುಟ್ಟುವ ಪದಗಳನ್ನು ಹಾಡಿದ ತಾಯಂದಿರ ಹೆಸರು ಯಾರಿಗೆ ಗೊತ್ತು? ಸಂಗ್ರಹಿಸಿದವರ ಹೆಸರು ಪುಸ್ತಕದ ಮೇಲಿರುತ್ತದೆ, ಹಾಡಿದವರು ‘ಜನಪದ’ ಎಂಬ ಒಂದೇ ಪದದೊಳಗೆ ಅಡಗಿಹೋಗುತ್ತಾರೆ. ಬೀಸುಕಲ್ಲೂ ಒಂದು ಯಂತ್ರವೇ, ಅದರ ಗರಗರವೇ ಆ ಹಾಡಿನ ಲಯ. ಅದಕ್ಕೆ ಜೀವವಿಲ್ಲ ಎಂದು ಯಾರಾದರೂ ಅಂದದ್ದುಂಟೆ?

ಮಕ್ಕಳ ಫೋನಿನಲ್ಲಿ ಈ ಆಲ್ಬಮ್‌ಗಳೆಲ್ಲ ಈಗ ಸಲೀಸಾಗಿ ಸಿಗುತ್ತವೆ. ಅಬ್ಬರವೆನ್ನಿಸಿದರೆ ಕ್ಲೇರ್ ಟೋರಿಯಿಂದ ಶುರುಮಾಡಿ. ನಾಲ್ಕೂವರೆ ನಿಮಿಷ ಸಾಕು. ಫೋನಿನಲ್ಲಿ ಹೊದಿಕೆಯ ಹಿಂಬದಿ ಇರುವುದಿಲ್ಲವಾದ್ದರಿಂದ, ಹಾಡಿದವರು, ಕಟ್ಟಿದವರು, ಮುದ್ರಿಸಿದವರು ಯಾರೆಂದು ಹುಡುಕಿಕೊಡಲು ಮಕ್ಕಳಿಗೆ ಹೇಳಿ. ಒಂದೆರಡು ಸಲ ಕೇಳಿದರೆ ಅವರೇ ಹುಡುಕತೊಡಗುತ್ತಾರೆ.